ಹಳದಿಗೆ ಒಗ್ಗಿಹೋದ ಕಣ್ಣು

ನಮ್ಮ ಆಫೀಸಿನ ಸ್ಟೋರೇಜ್ ಕ್ಲಸ್ಟರ್ ಓಡೋದು ಸೆಫ್ ಮೇಲೆ. ಅದರ ಆರೋಗ್ಯಕ್ಕೆ ಮೂರೇ ಬಣ್ಣ. ಹಸಿರು ಅಂದ್ರೆ ಎಲ್ಲ ಸರಿ ಇದೆ, ಕೆಂಪು ಅಂದ್ರೆ ಎದ್ದು ಓಡಿ. ನಡುವಿನ ಹಳದಿ ಎಚ್ಚರಿಕೆ. ನನ್ನ ನಿದ್ದೆ ಕೆಡಿಸಿದ್ದು ಈ ಹಳದಿ.

ಅಲ್ಲಿ ಪ್ರತಿ ಡೇಟಾಗೂ ಬೇರೆ ಬೇರೆ ಸರ್ವರ್‌ಗಳಲ್ಲಿ ಮೂರು ಪ್ರತಿ ಇರುತ್ತೆ. ಒಂದು ಡಿಸ್ಕ್ ಸತ್ತರೆ ಸೆಫ್ 10 ನಿಮಿಷ ಕಾದು, ಉಳಿದ ಎರಡರಿಂದ ಮೂರನೆಯದನ್ನು ಬೇರೆ ಕಡೆ ಕಟ್ಟಿಕೊಳ್ಳುತ್ತೆ. ರಿಪೇರಿಗೆ ಅಂತ ನಾವೇ ಒಂದು ನೋಡ್ ನಿಲ್ಲಿಸಿದಾಗ ಈ ಕೆಲಸ ಸುಮ್ಮನೆ ಶುರುವಾಗಬಾರದಲ್ಲ, ಅದಕ್ಕೆ ‘ನೋಔಟ್’ ಅನ್ನೋ ಫ್ಲ್ಯಾಗ್ ಹಾಕ್ತೀವಿ. ಹಾಕಿದ ಕೂಡಲೇ ಕ್ಲಸ್ಟರ್ ಹಳದಿಯಾಗುತ್ತೆ.

ಒಂದು ಶುಕ್ರವಾರ ಸಂಜೆ ಫ್ಲ್ಯಾಗ್ ಹಾಕಿದೆ, ಪ್ಯಾಚ್ ಮುಗಿಸಿದೆ, ತೆಗೆಯೋದು ಮರೆತು ಮನೆಗೆ ಹೋದೆ. ಸೋಮವಾರ ಹಳದಿ ಕಂಡಿತು. ‘ಓ, ಅದು ನಂದೇ, ಆಮೇಲೆ ತೆಗೀತೀನಿ’ ಅಂದುಕೊಂಡೆ. ಆ ‘ಆಮೇಲೆ’ ಮೂರು ವಾರ ಎಳೀತು.

ಮೂರನೇ ವಾರದ ಮಂಗಳವಾರ ಒಂದು ಡಿಸ್ಕ್ ಸತ್ತಿತು. ಕ್ಲಸ್ಟರ್ ಅದನ್ನೂ ಹೇಳಿತು, ಆದರೆ ಬಣ್ಣ ಹಳದಿಯೇ. ನಮ್ಮ ಅಲಾರಂ ಬಡಿಯುತ್ತಿದ್ದದ್ದು ಬಣ್ಣ ಬದಲಾದಾಗ ಮಾತ್ರ. ಶನಿವಾರ ರಾತ್ರಿ ಎರಡೂವರೆಗೆ ಬೇರೆ ನೋಡ್‌ನಲ್ಲಿ ಇನ್ನೊಂದು ಡಿಸ್ಕ್ ಹೋಯ್ತು. ಎರಡರಲ್ಲೂ ಪ್ರತಿ ಇಟ್ಟಿದ್ದ ಡೇಟಾಗೆ ಈಗ ಉಳಿದದ್ದು ಒಂದೇ. ಎರಡಕ್ಕಿಂತ ಕಡಿಮೆಯಾದರೆ ಸೆಫ್ ಓದೋದು ಬರೆಯೋದು ಎರಡನ್ನೂ ನಿಲ್ಲಿಸಿಬಿಡುತ್ತೆ. ಬೆಳಗಿನವರೆಗೆ ಕೆಲವು ಲ್ಯಾಬ್‌ಗಳ ರಿಪೋರ್ಟ್ ತೆರೆಯಲೇ ಇಲ್ಲ.

ಆ ವಾರ ಆನ್-ಕಾಲ್ ಇದ್ದವನು ಸೇರಿ ನಾಲ್ಕು ತಿಂಗಳಾಗಿದ್ದ ಹುಡುಗ. ಫೋನ್ ಮಾಡಿ ಕೇಳಿದ: “ಅಣ್ಣಾ, ಇದು ಯಾವಾಗಿಂದ ಹಳದಿ ಇತ್ತು?” ನಾನು “ಮೊದಲು ನೋಔಟ್ ತೆಗಿ” ಅಂದೆ. ತೆಗೆದ ಮೇಲೆ ಪ್ರತಿಗಳು ಕಟ್ಟಿಕೊಳ್ಳತೊಡಗಿದವು. ಡೇಟಾ ಹೋಗಲಿಲ್ಲ. ಅವನ ಪ್ರಶ್ನೆಗೆ ಉತ್ತರ ಕೊಡದೇ ಫೋನಿಟ್ಟೆ.

ಸೋಮವಾರದ ಮೀಟಿಂಗ್‌ನಲ್ಲಿ ಒಂದು ಸಾಲು ಬಂತು: ‘ಆನ್-ಕಾಲ್ ಇದ್ದವರು ಎಚ್ಚರಿಕೆ ಗಮನಿಸಲಿಲ್ಲ.’ ಸುಳ್ಳೇನಲ್ಲ. ಹುಡುಗ ತಲೆ ತಗ್ಗಿಸಿ ಕೂತಿದ್ದ. ನಾನು ಲ್ಯಾಪ್‌ಟಾಪ್ ನೋಡುತ್ತಾ ಸುಮ್ಮನಿದ್ದೆ.

ಸುಮ್ಮನಿರೋದಕ್ಕೆ ನನ್ನ ಹತ್ತಿರ ಒಳ್ಳೆಯ ವಾದವೂ ಇತ್ತು. 1986ರಲ್ಲಿ ಚಾಲೆಂಜರ್ ನೌಕೆ ಸಿಡಿದು ಏಳು ಜನ ಸತ್ತರು. ರಬ್ಬರ್ ಉಂಗುರಗಳು ಸವೆಯೋದು ಹಿಂದಿನ ಹಾರಾಟಗಳಲ್ಲೇ ಕಂಡಿತ್ತು; ಪ್ರತಿ ಸಲ ನೌಕೆ ವಾಪಸ್ ಬಂದಿದ್ದರಿಂದ ಸವೆತವೇ ಮಾಮೂಲಿ ಆಯ್ತು. ಸಮಾಜಶಾಸ್ತ್ರಜ್ಞೆ ಡಯೇನ್ ವಾನ್ 1996ರ ತಮ್ಮ ಪುಸ್ತಕದಲ್ಲಿ ಇದನ್ನು ಬಿಡಿಸಿಟ್ಟರು. ಹಾಗಾಗಿ ನಾವೂ ವ್ಯಕ್ತಿಯನ್ನು ದೂರಲ್ಲ, ವ್ಯವಸ್ಥೆಯನ್ನು ಸರಿ ಮಾಡ್ತೀವಿ. ಒಪ್ಪುವ ಮಾತೇ. ಆದರೆ ‘ಯಾರನ್ನೂ ದೂರಬೇಡಿ’ ಅನ್ನೋದು ನಾನು ಬೇರೆಯವರಿಗೆ ಪಾಲಿಸಬೇಕಾದ ನಿಯಮ. ಅದರ ಮರೆಯಲ್ಲಿ ನಾನೇ ಅಡಗಿಕೊಂಡರೆ ಅದು ಹೇಡಿತನ. ಹುಡುಗ ನೋಡಲಿಲ್ಲ, ನಿಜ. ನಾನು ನೋಡಿದ್ದೆ. ಅಷ್ಟೇ ಅಲ್ಲ, ನೋಡಿದರೂ ಏನೂ ತಿಳಿಯದ ಹಾಗೆ ಮಾಡಿಟ್ಟಿದ್ದೆ.

ಸೆಫ್‌ನಲ್ಲಿ ಒಂದು ಡಿಸ್ಕ್ ಸತ್ತಿದೆ ಅಂತ ತೀರ್ಮಾನಿಸೋಕೆ ಒಬ್ಬ ನೆರೆಯವನ ಮಾತು ಸಾಲದು. ಮಾಮೂಲಿ ಸೆಟ್ಟಿಂಗ್‌ನಲ್ಲಿ ಬೇರೆ ಬೇರೆ ಕಡೆಯಿಂದ ಎರಡು ದೂರಾದರೂ ಬೇಕು. ಬದುಕಿರುವ ಡಿಸ್ಕನ್ನು ತಪ್ಪಾಗಿ ಸತ್ತಿದೆ ಅಂದರೆ, ‘ನನ್ನನ್ನು ತಪ್ಪಾಗಿ ಕೆಳಗಿಳಿಸಿದ್ದೀರಿ’ ಅಂತ ಅದು ಲಾಗ್‌ನಲ್ಲಿ ಬರೆಯುತ್ತೆ. ನಾಲ್ಕು ತಿಂಗಳ ಹುಡುಗ ಮೀಟಿಂಗ್‌ನಲ್ಲಿ ಆ ಸಾಲು ಹೇಳೋಕಾಗಲ್ಲ. ಅವನ ಪರವಾಗಿ ಹೇಳಬಹುದಾಗಿದ್ದವನು ನಾನೊಬ್ಬನೇ.

ಎಚ್ಚರಿಕೆಯನ್ನು ಸುಮ್ಮನಾಗಿಸೋದು ತಪ್ಪಲ್ಲ. ಸೆಫ್‌ನಲ್ಲೇ ‘ಮ್ಯೂಟ್’ ಇದೆ. ಅದಕ್ಕೆ ಗಡುವು ಕೊಡಬಹುದು, ಮುಗಿದ ಮೇಲೆ ಎಚ್ಚರಿಕೆ ವಾಪಸ್ ಬರುತ್ತೆ. ಪರಿಸ್ಥಿತಿ ಹದಗೆಟ್ಟರೆ ಗಡುವಿಗೂ ಕಾಯದೆ ಬರುತ್ತೆ. ಗಡುವಿರುವ ಮೌನ ಪ್ರಾಮಾಣಿಕವಾಗಿರಬಹುದು. ನನ್ನ ಮೌನಕ್ಕೆ ಗಡುವಿರಲಿಲ್ಲ.

ಅವತ್ತು ಸಂಜೆ ಆ ಡಾಕ್ಯುಮೆಂಟ್ ತೆರೆದು ಆ ಸಾಲಿನ ಮೇಲೆ ಇನ್ನೊಂದು ಸಾಲು ಸೇರಿಸಿದೆ: ‘ಮೂರು ವಾರದ ಹಿಂದೆ ನೋಔಟ್ ಹಾಕಿ ತೆಗೆಯದೇ ಬಿಟ್ಟವನು ನಾನು.’ ಕೆಳಗೆ ಹೆಸರು ಹಾಕಿ ಎಲ್ಲರಿಗೂ ಕಳಿಸಿದೆ. ಹುಡುಗ ಅದರ ಬಗ್ಗೆ ಇವತ್ತಿನವರೆಗೂ ಏನೂ ಮಾತಾಡಿಲ್ಲ. ಆದರೆ ಈಗ ದಿನಾ ಬೆಳಗ್ಗೆ ಡ್ಯಾಶ್‌ಬೋರ್ಡ್ ತೆರೆದು ಜೋರಾಗಿ ಕೇಳ್ತಾನೆ: “ಈ ಹಳದಿ ಯಾರದ್ದು?” ಯಾರಾದರೂ ಕೈ ಎತ್ತೋವರೆಗೂ ಬಿಡಲ್ಲ.