ಕೆಟ್ಟಿತು ಎನ್ನುವುದು, ಕೆಡಿಸಿದೆ ಎನ್ನುವುದು

‘ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.’ ಈ ಗಾದೆಯನ್ನು ನಾವು ಹೆಚ್ಚಾಗಿ ಇನ್ನೊಬ್ಬರನ್ನು ಹಂಗಿಸಲು ಬಳಸುತ್ತೇವೆ. ಅಟ್ಟ ಎಂದರೆ ಇಲ್ಲಿ ಸಾಮಾನು ಇಡುವ ಅಟ್ಟವಲ್ಲ. ಅಡು ಎಂಬ ಧಾತುವಿನ ಭೂತರೂಪ ಅದು. ಅಡುಗೆ ಆದ ಮೇಲೆ ಎಂದು ಅರ್ಥ. ಹಸಿ ಸೌದೆ ಒಡ್ಡಿ, ಊದಿ ಊದಿ ಕಣ್ಣು ಕೆಂಪಾಗಿ, ಹೇಗೋ ಅನ್ನ ಬೆಂದು ಪಾತ್ರೆ ಇಳಿಸಿದ ಮೇಲೆ ಒಲೆ ಧಗಧಗ ಉರಿಯತೊಡಗುತ್ತದೆ. ಸೌದೆಯನ್ನು ಒಣಗಿಸಿದ್ದು ಅದೇ ಅಡುಗೆಯ ಕಾವು. ಕೆಟ್ಟವನಿಗೆ ಬುದ್ಧಿ ಬಂದದ್ದೂ ಕೆಟ್ಟದ್ದರಿಂದಲೇ. ತಡವಾಯಿತೆಂದು ಹಂಗಿಸುವಾಗ ಈ ಅರ್ಧವನ್ನು ಮರೆತುಬಿಡುತ್ತೇವೆ.

ಆದರೆ ಗಾದೆಯ ಮೊದಲ ಪದವನ್ನೇ ಇನ್ನಷ್ಟು ನೋಡಬೇಕು. ಕನ್ನಡದಲ್ಲಿ ಕೆಡು ಇದೆ, ಕೆಡಿಸು ಇದೆ. ಗಾದೆ ಆರಿಸಿಕೊಂಡದ್ದು ಕೆಡುವುದನ್ನು. ಕೆಟ್ಟವನು ತಾನೇ, ನಷ್ಟವೂ ತನ್ನದೇ. ಇನ್ನೊಬ್ಬರ ಬದುಕು ಕೆಡಿಸಿದವನಿಗೆ ಬರುವ ಬುದ್ಧಿಯ ವಿಷಯದಲ್ಲಿ ಅದು ಮೌನ. ಇಂಗ್ಲಿಷ್ ಭಾಷೆ ಇಲ್ಲಿಗೆ ಎರಡು ಬೇರೆ ಪದಗಳನ್ನು ತಂದಿದೆ: ರಿಗ್ರೆಟ್ ಮತ್ತು ರಿಮೋರ್ಸ್.

ರಿಗ್ರೆಟ್ ಹಳೆಯ ಫ್ರೆಂಚ್‌ನಿಂದ ಬಂದದ್ದು. ಸತ್ತವರಿಗಾಗಿ ಗೋಳಿಡುವುದು ಅಲ್ಲಿ ಅದರ ಒಂದು ಅರ್ಥವಾಗಿತ್ತು. ಹಾಗಾಗಿ ಅದರ ಕಣ್ಣು ಸದಾ ಕಳೆದುಹೋದದ್ದರ ಮೇಲೆ. ಸಂಗೀತ ಕಲಿಯಲಿಲ್ಲವಲ್ಲ ಎಂಬ ಹಳಹಳಿ ರಿಗ್ರೆಟ್. ರೈಲು ತಡವಾಗಿದೆ, ಅನಾನುಕೂಲಕ್ಕೆ ವಿಷಾದಿಸುತ್ತೇವೆ ಎಂದು ನಿಲ್ದಾಣದಲ್ಲಿ ಕೇಳಿಬರುವ ದನಿಯೂ ರಿಗ್ರೆಟ್. ತಪ್ಪು ಯಾರದೆಂದು ಹೇಳದೆಯೇ ಅದನ್ನು ಆಡಬಹುದು. ರಿಮೋರ್ಸ್ ಹಾಗಲ್ಲ. ಲ್ಯಾಟಿನ್ನಿನ ‘ಮತ್ತೆ ಕಚ್ಚು’ ಎಂಬ ಕ್ರಿಯಾಪದದಿಂದ ಬಂದ ಮಾತು ಅದು. ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಡ್ಯಾನ್ ಮೈಕೆಲ್ ಎಂಬ ಸನ್ಯಾಸಿ 1340ರಲ್ಲಿ ಫ್ರೆಂಚ್ ಧರ್ಮಗ್ರಂಥವೊಂದನ್ನು ತನ್ನ ಊರಿನ ಭಾಷೆಗೆ ತಂದು ‘ಆಯನ್‌ಬೈಟ್ ಆಫ್ ಇನ್‌ವಿಟ್’ ಎಂದು ಹೆಸರಿಟ್ಟ. ಒಳಗಿನ ಅರಿವು ಮರಳಿ ಮರಳಿ ಕಚ್ಚುವುದು ಎಂದರ್ಥ. ಕಚ್ಚಿಸಿಕೊಳ್ಳುವುದು ಮಾಡಿದವನೇ, ಬೇರೆಯವರ ಕೃತ್ಯಕ್ಕೆ ರಿಮೋರ್ಸ್ ಪಡಲು ಬರುವುದಿಲ್ಲ.

ಈ ಕುಲದ ಇತರ ಪದಗಳಲ್ಲಿ ಕಂಪಂಕ್ಷನ್ ಎಂದರೆ ಸಣ್ಣ ಚುಚ್ಚು. ಇಂದಿನ ಇಂಗ್ಲಿಷ್‌ನಲ್ಲಿ ಅದು ಹೆಚ್ಚಾಗಿ ಕಾಣಿಸುವುದು ‘ಅದೂ ಇಲ್ಲದೆ ಮಾಡಿದ’ ಎಂಬಂಥ ವಾಕ್ಯಗಳಲ್ಲಿ. ಕಾಂಟ್ರಿಶನ್ ಎಂದರೆ ಮನಸ್ಸು ಅರೆದು ಪುಡಿಯಾಗುವುದು. ಇದರ ಪಕ್ಕದಲ್ಲಿ ಕ್ಯಾಥೊಲಿಕ್ ಧರ್ಮಶಾಸ್ತ್ರ ಅಟ್ರಿಶನ್ ಎಂಬ ಇನ್ನೊಂದನ್ನು ಇಟ್ಟಿದೆ. ದೇವರ ಮೇಲಿನ ಪ್ರೀತಿಯಿಂದ ನೊಂದರೆ ಕಾಂಟ್ರಿಶನ್, ಶಿಕ್ಷೆಯ ಭಯದಿಂದ ನೊಂದರೆ ಅಟ್ರಿಶನ್. 1551ರಲ್ಲಿ ಟ್ರೆಂಟ್ ಧರ್ಮಸಭೆ ಈ ಭೇದವನ್ನು ವಿಧಿಬದ್ಧವಾಗಿ ಹೇಳಿತು. ಇದು ಬರಿಯ ಪಾದ್ರಿಗಳ ಸೂಕ್ಷ್ಮವಲ್ಲ. ಇಂಗ್ಲೆಂಡಿನ ನ್ಯಾಯಾಲಯಗಳಲ್ಲಿ ರಿಮೋರ್ಸ್ ಕಂಡರೆ ಶಿಕ್ಷೆ ತಗ್ಗಲು ಅವಕಾಶವಿದೆ. ಕಟಕಟೆಯಲ್ಲಿ ನಿಂತವನ ಕಣ್ಣೀರು ಸತ್ತವನಿಗಾಗಿಯೋ, ಮುಂದಿನ ಜೈಲಿಗಾಗಿಯೋ ಎಂದು ನ್ಯಾಯಾಧೀಶರು ಇಂದೂ ತೂಗಬೇಕು.

ನಮ್ಮ ಪಶ್ಚಾತ್ತಾಪ ಎಂಬ ಪದವನ್ನು ಬಿಡಿಸಿದರೆ ಸಿಗುವುದು ‘ಆಮೇಲಿನ ಕಾವು’. ಗಾದೆಯ ಒಲೆಯೇ ಅಲ್ಲವೇ ಇದು?

ರಿಗ್ರೆಟ್ ಮತ್ತು ರಿಮೋರ್ಸ್ ನಡುವಿನ ಅಂತರ ಸರ್ಕಾರಗಳ ಮಾತಿನಲ್ಲೂ ಕಾಣುತ್ತದೆ. 1919ರ ಏಪ್ರಿಲ್ 13ರಂದು ಅಮೃತಸರದ ಜಲಿಯನ್‌ವಾಲಾ ಬಾಗ್‌ನಲ್ಲಿ ನೆರೆದಿದ್ದ ಜನರ ಮೇಲೆ ಬ್ರಿಟಿಷ್ ಸೇನಾಧಿಕಾರಿ ಡಯರ್‌ನ ಸೈನಿಕರು ಸುಮಾರು ಹತ್ತು ನಿಮಿಷ ಗುಂಡು ಹಾರಿಸಿದರು, 1,650 ಸುತ್ತು. ಸರ್ಕಾರಿ ಲೆಕ್ಕದಲ್ಲೇ ಸತ್ತವರು 379. ಗಾಯಗೊಂಡವರ ಆರೈಕೆ ತನ್ನ ಕೆಲಸವಾಗಿರಲಿಲ್ಲವೆಂದು ಡಯರ್ ತನಿಖೆ ನಡೆಸಿದ ಹಂಟರ್ ಸಮಿತಿಯ ಮುಂದೆ ಹೇಳಿದ. ನೂರು ವರ್ಷ ತುಂಬುವ ಮೂರು ದಿನ ಮೊದಲು, 2019ರ ಏಪ್ರಿಲ್ 10ರಂದು, ಪ್ರಧಾನಿ ತೆರೆಸಾ ಮೇ ಬ್ರಿಟಿಷ್ ಸಂಸತ್ತಿನಲ್ಲಿ ಅದನ್ನು ನಾಚಿಕೆಗೇಡಿನ ಕಲೆ ಎಂದರು. ನಡೆದದ್ದಕ್ಕೂ ಆದ ನೋವಿಗೂ ಆಳವಾದ ರಿಗ್ರೆಟ್ ಸೂಚಿಸಿದರು. ನಡೆದದ್ದು, ಆದದ್ದು. ಮಾಡಿದವರು ಯಾರೆಂಬುದು ಆ ವಾಕ್ಯದಲ್ಲಿ ಇಲ್ಲ. ವಿರೋಧ ಪಕ್ಷದ ನಾಯಕ ಜೆರೆಮಿ ಕಾರ್ಬಿನ್ ಅಲ್ಲೇ ಎದ್ದು ಸ್ಪಷ್ಟ ಕ್ಷಮಾಪಣೆ ಬೇಕೆಂದರು, ಅದು ಬರಲಿಲ್ಲ. ಅದೇ ಸೆಪ್ಟೆಂಬರ್‌ನಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ ಅದೇ ಬಾಗ್‌ನ ನೆಲದ ಮೇಲೆ ಸಾಷ್ಟಾಂಗ ಮಲಗಿದರು. ಸರ್ಕಾರದ ಪರವಾಗಿ ತಾನು ಮಾತಾಡಲಾರೆ ಎಂದೂ ಹೇಳಿದರು. ಮಾತಾಡಬಲ್ಲವರು ಲಂಡನ್ನಿನಲ್ಲಿ ವಿಷಾದಿಸಿದರು, ಮಾತಾಡಲಾಗದವರು ಇಲ್ಲಿ ಬಂದು ಮಣ್ಣು ಮುಟ್ಟಿದರು.

ಕ್ಷಮೆ ಎಂದರೆ ಹೊಣೆ ತಲೆಗೆ ಬರುತ್ತದೆ ಎಂಬ ಅಂಜಿಕೆ ಸರ್ಕಾರಗಳಿಗೆ ಇದೆ. ಕೀನ್ಯಾದ ಮೌ ಮೌ ದಂಗೆಯ ಕಾಲದ ಚಿತ್ರಹಿಂಸೆಗೆ ಬ್ರಿಟನ್ 2013ರಲ್ಲಿ 5,228 ಮಂದಿಗೆಂದು 1.99 ಕೋಟಿ ಪೌಂಡ್ ಕೊಡಲು ಒಪ್ಪಿತು. ಅಂದೂ ಆಡಿದ ಪದ ರಿಗ್ರೆಟ್. ಕಾನೂನಿನ ಹೊಣೆ ತಮ್ಮದಲ್ಲವೆಂದೂ ಒಟ್ಟಿಗೇ ಸೇರಿಸಿದರು. ಹಣ ಬಂತು, ಕೆಡಿಸಿದೆವು ಎಂಬ ಮಾತು ಬರಲಿಲ್ಲ.

ಇದು ಬ್ರಿಟಿಷರ ಜಾಯಮಾನ ಮಾತ್ರ ಎನ್ನುವಂತಿಲ್ಲ. ಕಳಿಂಗದಲ್ಲಿ ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಸೆರೆಹಿಡಿದು ಒಯ್ಯಲಾಯಿತು ಎಂದು ಅಶೋಕ ತನ್ನ ಹದಿಮೂರನೆಯ ಬಂಡೆ ಶಾಸನದಲ್ಲಿ ತಾನೇ ಲೆಕ್ಕ ಕೊಟ್ಟು ಅನುಶೋಚನೆ ತೋಡಿಕೊಂಡ. ರಾಜನೊಬ್ಬ ತಾನೇ ಗೆದ್ದ ಯುದ್ಧಕ್ಕೆ ಹೀಗೆ ಮರುಗಿದ್ದು ಅಪರೂಪ, ದೊಡ್ಡದು. ಆದರೆ ಆ ಶಾಸನ ಇರುವುದು ಕಾಲ್ಸಿ, ಶಾಹಬಾಜ್‌ಗಢಿಯಂಥ ದೂರದ ಊರುಗಳಲ್ಲಿ. ಕಳಿಂಗದ ಧೌಲಿ, ಜೌಗಡಗಳ ಬಂಡೆಗಳಿಂದ ಅದನ್ನು ಕೈಬಿಟ್ಟು, ಬದಲಿಗೆ ಎರಡು ಪ್ರತ್ಯೇಕ ಶಾಸನ ಕೆತ್ತಿಸಿದ. ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯ ಶಾಸನದಲ್ಲೂ ಈ ಪ್ರತ್ಯೇಕ ಶಾಸನಗಳಿವೆ. ಪ್ರಜೆಗಳೆಲ್ಲ ತನ್ನ ಮಕ್ಕಳು, ಕಾರಣವಿಲ್ಲದೆ ಯಾರನ್ನೂ ಸೆರೆಗೆ ತಳ್ಳಬೇಡಿ ಎಂದು ಅಧಿಕಾರಿಗಳಿಗೆ ಅಲ್ಲಿ ಅಪ್ಪಣೆಯಿದೆ. ಅಡುಗೆ ಆದ ಮೇಲೆ ಉರಿದ ಒಲೆಯ ಮೇಲೆ ಇನ್ನೊಂದು ಪಾತ್ರೆ ಇಟ್ಟ ಕೆಲಸ ಅದು, ಅದಕ್ಕೆ ಗೌರವ ಸಲ್ಲಬೇಕು. ಆದರೂ ನೊಂದವರ ಊರಿನಲ್ಲಿ, ಅವರ ಕಣ್ಣೆದುರು, ಆ ಮಾತನ್ನು ಆತ ಕೆತ್ತಿಸಲಿಲ್ಲ. ನನ್ನ ಮಟ್ಟಿಗೆ ಆ ಮಾತಿನ ಜಾಗ ಧೌಲಿಯೇ ಆಗಿತ್ತು.

ಸುದ್ದಿಮನೆಗಳಲ್ಲಿ ಕುಳಿತು ಇಂಗ್ಲಿಷ್ ಸುದ್ದಿಯನ್ನು ಕನ್ನಡಕ್ಕೆ ತರುವ ಗೆಳೆಯರಲ್ಲಿ ಒಂದು ಕೋರಿಕೆ. ಯಾರಾದರೂ ರಿಗ್ರೆಟ್ ಎಂದರೆ ವಿಷಾದ ಎಂದೇ ಬರೆಯಿರಿ, ತಲೆಬರಹದಲ್ಲಿ ‘ಕ್ಷಮೆ ಕೇಳಿದರು’ ಎಂದು ಹಾಕಬೇಡಿ. ಅಮೃತಸರದಲ್ಲಿ ಸತ್ತವರ ಮನೆಯವರು ಕೇಳಿದ ಮಾತು ಇನ್ನೂ ಬಂದಿಲ್ಲ. ಬಂದಾಯಿತೆಂದು ಕನ್ನಡದ ಓದುಗರು ತಿಳಿಯಬಾರದು.