ಲಾರಾಳ ದೇವರು

ಈಶ್ವರಬುದ್ಧಿಯು ಮನುಷ್ಯನಿಗೆ ಸಹಜವೋ ಉಪದೇಶಲಬ್ಧವೋ ಎಂಬ ಪ್ರಶ್ನೆಯನ್ನು ತಾರ್ಕಿಕರು ಪುರಾತನಕಾಲದಿಂದಲೂ ಗ್ರಂಥಗಳಲ್ಲಿ ಮಥಿಸುತ್ತ ಬಂದಿರುವರಷ್ಟೆ. ಅದನ್ನು ಒಬ್ಬ ಬಾಲಿಕೆಯ ಚಿತ್ತದಲ್ಲಿಯೇ ಪರೀಕ್ಷಿಸುವ ಸಾಹಸಕ್ಕೆ ಕೈಹಾಕಿದವನು ಬಾಸ್ಟನ್ ನಗರದ ಪರ್ಕಿನ್ಸ್ ಅಂಧಶಾಲೆಯ ನಿರ್ದೇಶಕ, ಡಾಕ್ಟರ್ ಸ್ಯಾಮ್ಯುಯೆಲ್ ಹೋವ್. 1829ರಲ್ಲಿ ನ್ಯೂಹ್ಯಾಂಪ್‌ಷೈರಿನ ಒಕ್ಕಲು ಮನೆತನವೊಂದರಲ್ಲಿ ಜನಿಸಿ, ಎರಡು ವರ್ಷದ ಪ್ರಾಯದಲ್ಲಿ ಸ್ಕಾರ್ಲೆಟ್ ಜ್ವರದ ದೆಸೆಯಿಂದ ಕಣ್ಣು ಕಿವಿಗಳೆರಡನ್ನೂ ಕಳೆದುಕೊಂಡ ಲಾರಾ ಬ್ರಿಜ್‌ಮನ್, 1837ರಲ್ಲಿ ಆತನ ಬಳಿಗೆ ಬಂದಳು. ಚಮಚ, ಬೀಗದಕೈ ಮುಂತಾದುವಕ್ಕೆ ಉಬ್ಬಕ್ಷರದ ಚೀಟಿಗಳನ್ನಂಟಿಸಿ, ಬಳಿಕ ಅಂಗೈಯಲ್ಲಿ ಬೆರಳುಗಳಿಂದ ಅಕ್ಷರಗಳನ್ನು ಮೂಡಿಸಿ, ಸ್ಪರ್ಶವೊಂದರಿಂದಲೇ ಭಾಷೆಯು ಒಳಹೊಗಬಲ್ಲುದೆಂಬುದನ್ನು ಆತ ತೋರಿಸಿಕೊಟ್ಟನು. ನಮ್ಮ ನೈಯಾಯಿಕರು ಆಪ್ತವಾಕ್ಯವನ್ನು ಪ್ರಮಾಣವೆಂದೊಪ್ಪುವಾಗ ಕಿವಿಯನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದರೇನೋ; ಲಾರಾಳಿಗೆ ಅದು ತ್ವಗಿಂದ್ರಿಯದ ಮಾರ್ಗವಾಗಿ ಬಂದಿತು.

ಧರ್ಮಬೋಧೆಯನ್ನು ಮಾತ್ರ ಹೋವ್ ತಡೆದಿಟ್ಟನು. ಮತಸಿದ್ಧಾಂತಗಳ ಸೋಂಕಿಲ್ಲದ ಆ ಚಿತ್ತದಲ್ಲಿ ಈಶ್ವರಭಾವವು ತಾನಾಗಿಯೇ ಅಂಕುರಿಸಬೇಕೆಂಬುದು ಆತನ ಹಂಬಲ. 1843ರಲ್ಲಿ ಆತ ಯೂರೋಪಿಗೆ ತೆರಳಿದಾಗ, ಸುತ್ತಲಿನವರು ಆಕೆಗೆ ತಮ್ಮ ತಮ್ಮ ಕ್ರೈಸ್ತಶ್ರದ್ಧೆಯನ್ನು ಬೋಧಿಸಿದರು. ಹಿಂದಿರುಗಿದ ಹೋವ್ ತನ್ನ ಪ್ರಯೋಗವು ಕೆಟ್ಟಿತೆಂದು ಕನಲಿದನು. (ಪ್ರಶ್ನೆ ಕೇಳುವ ಹುಡುಗಿಗೆ ಉತ್ತರ ಕೊಡದಿರುವುದೂ ಒಂದು ಬಗೆಯ ಬೋಧೆಯೇ ಎಂಬುದು ಆತನಿಗೆ ಹೊಳೆಯಲಿಲ್ಲ.) ಈ ಕಲಹದ ಯಾವ ಪಕ್ಷದಲ್ಲಿಯೂ ನನಗೆ ಆದರ ಹುಟ್ಟದು. ಆ ಅಂಗೈಯಲ್ಲಿ ಏನನ್ನು ಬರೆಯತಕ್ಕದ್ದೆಂದು ಅವರು ಕಾದಾಡಿದರೇ ಹೊರತು, ಬರೆಯುವ ಕೈ ಎಷ್ಟು ಕಾಲ ಅಲ್ಲಿರತಕ್ಕದ್ದೆಂದು ವಿಚಾರಿಸಲಿಲ್ಲ.

1850ರಲ್ಲಿ ಪಾಠಗಳು ಮುಗಿದವು. ಅನಂತರ ಮನೆಗೆ ಹೋದ ಲಾರಾಳಿಗೆ ಅನ್ನವಸ್ತ್ರಗಳ ಕೊರತೆಯಿರಲಿಲ್ಲ. ಆದರೆ ಹೊಲಮನೆಗಳ ದುಡಿಮೆಯಲ್ಲಿ ಮುಳುಗಿದ್ದವರಿಗೆ ಆಕೆಯ ಬೆರಳುಗಳೊಡನೆ ಮಾತಾಡುವಷ್ಟು ಬಿಡುವೆಲ್ಲಿ? ಆಕೆ ಕೃಶಳಾಗಿ ಹಾಸಿಗೆ ಹಿಡಿದಳು. ಭಾಷೆಯನ್ನೇ ಅರಿಯದಿದ್ದರೆ ಆ ಮೌನವು ಅಷ್ಟು ನೋಯಿಸುತ್ತಿರಲಿಲ್ಲವೇನೋ. ಕಲಿಸಿದವರೇ ಆ ಹಸಿವನ್ನೂ ಹುಟ್ಟಿಸಿದ್ದರು, ಆದುದರಿಂದ ಅದನ್ನು ತಣಿಸುವ ಋಣವೂ ಅವರದೇ. ಆಕೆಯನ್ನು ಶಾಲೆಗೆ ಮರಳಿ ಕರೆತಂದರು. ಸಮಾಜಸುಧಾರಕಿ ಡೊರೊಥಿಯಾ ಡಿಕ್ಸ್ ಆಕೆಯ ಜೀವನಕ್ಕಾಗಿ ನಿಧಿ ಕೂಡಿಸಲು ನೆರವಾದಳು. 1889ರಲ್ಲಿ ಮೃತಳಾಗುವವರೆಗೂ ಪರ್ಕಿನ್ಸೇ ಆಕೆಯ ಮನೆಯಾಯಿತು.

ಅಲ್ಲಿ ಆಕೆಯೊಡನೆ ಬೆರಳಭಾಷೆಯಲ್ಲಿ ಸಂಭಾಷಿಸುತ್ತಿದ್ದ ಆನ್ ಸಲಿವನ್, 1887ರಲ್ಲಿ, ಲಾರಾಳಂತೆಯೇ ಕಣ್ಣು ಕಿವಿಗಳನ್ನು ಕಳೆದುಕೊಂಡಿದ್ದ ಹೆಲನ್ ಕೆಲ್ಲರಳಿಗೆ ಗುರುವಾಗಿ ಹೋಗಿ, 1936ರಲ್ಲಿ ತಾನು ಕಣ್ಮುಚ್ಚುವ ತನಕ ಆಕೆಯ ಜೊತೆಗಾತಿಯಾಗಿ ಉಳಿದಳು. ಲೋಕವು ಈ ತ್ಯಾಗವನ್ನು ಪೂಜಿಸುತ್ತದೆ. ಅದು ಪೂಜಾರ್ಹವೂ ಹೌದು. ಆದರೂ ಒಬ್ಬಳ ಆಯುಸ್ಸನ್ನೇ ಬೇಡುವ ಆ ಮಹಾತ್ಯಾಗಕ್ಕಿಂತ, ಯಾರೂ ಪೂಜಿಸದ ಡಿಕ್ಸಳ ನಿಧಿಯಲ್ಲಿಯೇ ನನಗೆ ಧರ್ಮವು ಅಧಿಕವಾಗಿ ಕಾಣುತ್ತದೆ: ಸಲಿವನ್ನಳಂಥವಳು ದೊರೆಯದ ಲಾರಾಗಳ ಸಂಖ್ಯೆಯೇ ಹೆಚ್ಚು.