*ದಿನದ ಧಮ್ಮ ಚಿಂತನೆ: "ನಮ್ಮಂಥವರಿಗೆ ಸಿಗತೈತೇನ್ರಿ?"*





ಕಳೆದ ರವಿವಾರ ಬುದ್ಧವಂದನೆ ಮುಗಿದ ಮೇಲೆ ರಾಯಬಾಗ ಕಡೆಯ ಒಬ್ಬ ಮಗಳು ಕೇಳಿದಳು: "ಕಾಕಾ, ನನಗ ಮಾನವಶಾಸ್ತ್ರದಾಗ ಎಂ.ಎ. ಮಾಡಬೇಕಂತ ಆಸೆ ಐತ್ರಿ. ಆದರ ನಮ್ಮಂಥವರಿಗೆ ಅಲ್ಲಿ ಸೀಟ ಸಿಗತೈತೇನ್ರಿ? ಅರ್ಜಿ ರೊಕ್ಕ ಸುಮ್ಮನ ಹೋದೀತು." ಬೀಡಿ ಕಟ್ಟಿ ಅವಳನ್ನು ಬಿ.ಎ. ಓದಿಸಿದ ತಾಯಿ ಪಕ್ಕದಲ್ಲೇ ಕುಳಿತಿದ್ದಳು.

ಈ ಮಾತನ್ನು ನಾವು ವಿನಯ ಎಂದುಕೊಳ್ಳುತ್ತೇವೆ. ಧಮ್ಮ ಹಾಗೆನ್ನುವುದಿಲ್ಲ. ಮನಸ್ಸಿನ ಕಲ್ಮಶಗಳಲ್ಲಿ 'ಮಾನ' ಒಂದು. ಇಲ್ಲಿ ಮಾನ ಎಂದರೆ ಮರ್ಯಾದೆಯಲ್ಲ, ತನ್ನನ್ನು ಇನ್ನೊಬ್ಬರ ಪಕ್ಕದಲ್ಲಿಟ್ಟು ತೂಗುವ ಚಟ. ಅದು ಮೂರು ಬಗೆ: ನಾನು ಹೆಚ್ಚು, ನಾನು ಸಮ, ನಾನು ಕಡಿಮೆ. *'ನಾನು ಕಡಿಮೆ' ಎನ್ನುವುದೂ ಮಾನವೇ.* 'ನಮ್ಮಂಥವರು' ಎಂದು ತೂಗುವಾಗ ನಮ್ಮ ಕೈಯಲ್ಲಿರುವುದು ಜಾತಿಯ ತಕ್ಕಡಿ.

ಹಾಗಾದರೆ "ಖಂಡಿತ ಸಿಗುತ್ತದೆ ಮಗಳೇ" ಎನ್ನಬೇಕೇ? ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದರೆ ನಾಲ್ಕನೆಯ ಶೀಲ ಮುರಿದಂತೆ. ಸರಿಯಾದ ದಾರಿ ಒಂದೇ: ಕಾರಣಗಳನ್ನು ನೋಡುವುದು. ಇದು ಇದ್ದರೆ ಅದು ಆಗುತ್ತದೆ. ಅಂಕ ಎಷ್ಟು? ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ, ಮೈಸೂರಿನಲ್ಲಿ ಈ ವಿಭಾಗವಿದೆ. ಅರ್ಹತೆ ಏನು, ಕೊನೆಯ ದಿನ ಯಾವುದು? ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಪ್ರವೇಶ ಪರೀಕ್ಷೆಯ ತಯಾರಿ ಆಗಿದೆಯೇ? ಬೌದ್ಧರಾದರೆ ಮೀಸಲಾತಿ ಹೋಗುತ್ತದೆಂಬ ಅಂಜಿಕೆ ಇದ್ದರೆ, 1990ರ ತಿದ್ದುಪಡಿಯಿಂದ ಬೌದ್ಧರಾದ ಪರಿಶಿಷ್ಟರಿಗೂ ಆ ಹಕ್ಕು ಇದೆ. ಅಡ್ಡಿಗಳನ್ನೂ ಮುಚ್ಚಿಡಬಾರದು: ಪರಿಶಿಷ್ಟರಿಗೆ ವಿದೇಶದಲ್ಲಿ ಓದಲು ಕೇಂದ್ರ ಸರ್ಕಾರ ಕೊಡುವ ವಿದ್ಯಾರ್ಥಿವೇತನದಿಂದ, ಭಾರತದ ಸಂಸ್ಕೃತಿ, ಇತಿಹಾಸ, ಸಮಾಜ ಕುರಿತ ಸಂಶೋಧನೆಯನ್ನು 2022ರ ನಿಯಮ ಹೊರಗಿಟ್ಟಿತು. ಇವೆಲ್ಲ ಲೆಕ್ಕಕ್ಕೆ ಸಿಗುವ ಸಂಗತಿಗಳು. 'ನಮ್ಮಂಥವರು' ಎಂಬುದು ಲೆಕ್ಕವಲ್ಲ, ಯಾರೋ ಮೊದಲೇ ಬರೆದಿಟ್ಟ ತೀರ್ಪು.

1925ರಲ್ಲಿ ನಮ್ಮ ನಿಪ್ಪಾಣಿಯ ಪರಿಷತ್ತಿಗೆ ಬಂದ ಬಾಬಾಸಾಹೇಬರು, ಅದಕ್ಕೆ ಒಂಬತ್ತು ವರ್ಷ ಮೊದಲು, 1916ರ ಮೇ 9ರಂದು, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಗೋಲ್ಡನ್‌ವೈಸರ್ ಅವರ ಮಾನವಶಾಸ್ತ್ರ ಸೆಮಿನಾರಿನಲ್ಲಿ ಜಾತಿಯ ಹುಟ್ಟಿನ ಬಗ್ಗೆ ಪ್ರಬಂಧ ಓದಿದ್ದರು. ಆಗ ಅವರಿಗೆ 25 ವರ್ಷ. ಮೂಗು ಅಳೆದು ಜನರನ್ನು ಮೇಲು-ಕೀಳು ಎಂದು ಜೋಡಿಸಿದ ಶಾಸ್ತ್ರವದು. 1948ರ ಪುಸ್ತಕದಲ್ಲಿ ಅವರು ಅದೇ ಮೂಗಿನ ಅಳತೆಗಳನ್ನು ಮುಂದಿಟ್ಟು, ಬ್ರಾಹ್ಮಣರೂ ಅಸ್ಪೃಶ್ಯರೂ ಬೇರೆ ಬೇರೆ ಜನಾಂಗವಲ್ಲ ಎಂದು ವಾದಿಸಿದರು. ಅಳೆಸಿಕೊಂಡವರೇ ಅಳತೆಗೋಲನ್ನು ಕೈಗೆ ತೆಗೆದುಕೊಂಡರು.

ಆದರೆ ಅವರು ಅಲ್ಲಿಗೆ ಬುದ್ಧಿಯೊಂದರಿಂದಲೇ ಹೋಗಲಿಲ್ಲ. 1913ರಲ್ಲಿ ಬರೋಡಾದ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನ ಒದಗಿತು. ಪ್ರತಿಭೆಗೂ ಬೇರೆಯವರ ಕೈ ಬೇಕು. *ಹಾಗಾಗಿ ಆ ಮಗಳ ಪ್ರಶ್ನೆ ನಮಗೂ ಬಂತು.* ಚಿಕ್ಕೋಡಿ, ಅಥಣಿ, ಕಾಗವಾಡದಲ್ಲಿ ಪಗಾರ ಎಣಿಸುವ ನಾವು ಅವಳ ಪಾಲಿಗೆ ಒಂದು ಕಾರಣ ಆಗಿದ್ದೇವೆಯೇ? ಅರ್ಜಿ ರೊಕ್ಕ, ಧಾರವಾಡಕ್ಕೆ ಬಸ್ಸಿನ ಖರ್ಚು, ನಮ್ಮ ಮಕ್ಕಳ ಹಳೆಯ ಪುಸ್ತಕ, ಇಷ್ಟಾದರೂ?

ಸೋಮವಾರ ಅವಳು ಅರ್ಜಿ ತುಂಬಿದಳು. ಸೀಟು ಬಂದರೆ ಕಾರಣಗಳು ಕೂಡಿಬಂದವು. ಬರದಿದ್ದರೆ ಯಾವ ಕಾರಣ ಕಡಿಮೆ ಬಿತ್ತೆಂದು ನೋಡಿ ಮುಂದಿನ ವರ್ಷ ತುಂಬುವುದು. ಕಡಿಮೆ ಬಿದ್ದದ್ದು ಕಾರಣ, ಅವಳಲ್ಲ.

*ಇಂದಿನ ಅಭ್ಯಾಸ:* ಹತ್ತು ನಿಮಿಷ ಆನಾಪಾನ ಮಾಡಿ. ನಂತರ, ನೀವು ಕೈಬಿಟ್ಟ ಒಂದು ಆಸೆಯನ್ನು ನೆನೆದು ಕೇಳಿಕೊಳ್ಳಿ: ಲೆಕ್ಕ ಹಾಕಿ ಬಿಟ್ಟೆನೋ, 'ನಮ್ಮಂಥವರು' ಎಂದು ಬಿಟ್ಟೆನೋ?

ಭವತು ಸಬ್ಬ ಮಂಗಲಂ 🌸
ಜೈ ಭೀಮ್ 💙